ಗೋಲಿಯ ಕೂದಲು, ಗೋಲಿಯ ಹೊಟ್ಟೆ

ಸೆಪ್ಟೆಂಬರ್ 2, ಸೋಮವಾರ

ಲ್ಯಾಬಿನಲ್ಲಿ ಹಾಡಿಕೊಂಡಿದ್ದಕ್ಕೆ ಇವತ್ತು ಮತ್ತೆ ಬೈಸಿಕೊಂಡೆ. ಮೇಡಂ ಬಾಗಿಲಲ್ಲಿ ನಿಂತು, "ಮದುವೆಯಾಗಿ ಎರಡು ತಿಂಗಳಾಯ್ತಲ್ಲ, ಇನ್ನೂ ಇಳೀಲಿಲ್ವಾ?" ಎಂದರು. ಇಳಿದಿಲ್ಲ. ಮೂವತ್ತೆಂಟನೇ ವಯಸ್ಸಿಗೆ ಹತ್ತಿದ ಅಮಲು ಇಷ್ಟು ಬೇಗ ಇಳಿಯುವುದಾದರೆ ಹತ್ತಿದ್ದೇ ದಂಡ.

ನಿನ್ನೆ ಅತ್ತೆ ಬಂದಿದ್ದರು. ಮುಂದಿನ ಬೀದಿಯಲ್ಲೇ ಅವರ ಮನೆ, ಭಾನುವಾರ ಊಟಕ್ಕೆ ಬರುತ್ತಾರೆ. "ನಿನ್ನ ಸೊಸೆಗೆ ಏನು ಕೆಲಸ ಅಂತ ಪಕ್ಕದ ಮನೆಯವಳು ಕೇಳ್ತಾಳೆ. ಮಕ್ಕಳ ಆಸ್ಪತ್ರೆಯಲ್ಲಿ ಕೂದಲು ತೊಳೀತಾಳೆ ಅಂದ್ರೆ ನಗ್ತಾಳೆ" ಎಂದರು. ನಾನು ಸೌಟು ಹಿಡಿದೇ ಪಾಠ ಶುರುಮಾಡಿದೆ. ಮನಸ್ಸಿಗೆ ದಿಗಿಲಾದರೆ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಅದು ಬೆಳೆಯುವ ಕೂದಲಿನೊಳಗೂ ಹೋಗಿ ಕೂರುತ್ತದೆ. ಕೂದಲು ಹೆಚ್ಚುಕಡಿಮೆ ತಿಂಗಳಿಗೊಂದು ಸೆಂಟಿಮೀಟರ್ ಬೆಳೆಯುವುದರಿಂದ, ಬುಡದ ಮೂರು ಸೆಂಟಿಮೀಟರನ್ನು ತೊಳೆದು, ಒಣಗಿಸಿ, ಪುಡಿಮಾಡಿ ಅಳೆದರೆ ಆ ಮಗು ಕಳೆದ ಮೂರು ತಿಂಗಳು ಎಷ್ಟು ಒತ್ತಡದಲ್ಲಿತ್ತೆಂಬ ಅಂದಾಜು ಸಿಗುತ್ತದೆ. ಒತ್ತಡ ಹೆಚ್ಚಾದ ಮಕ್ಕಳಿಗೆ ಅಪೆಂಡಿಕ್ಸ್ ಊದಿಕೊಳ್ಳುವ ಅಪಾಯವೂ ಹೆಚ್ಚೇ ಎಂದು ನೋಡಲು ನಮ್ಮ ಮೇಡಂ ಹೊರಟಿದ್ದಾರೆ. ಉತ್ತರ ಬರಲು ಇನ್ನೂ ಬಹಳ ಕೂದಲು ಬೇಕು.

ಅತ್ತೆ ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಬೋಳು ತಲೆಯವರಿಗೆ ಚಿಂತೆನೇ ಇಲ್ಲ ಅನ್ನು" ಎಂದರು. ಇವರು ಮೆಲ್ಲಗೆ ತಮ್ಮ ನೆತ್ತಿ ಸವರಿಕೊಂಡರು. ನನ್ನ ಕೈಯಿಂದ ಸೌಟು ಬಿತ್ತು, ಅಷ್ಟು ನಕ್ಕೆ.

ನಗದವಳು ಇವರ ಮಗಳೊಬ್ಬಳೇ. ಹತ್ತು ವರ್ಷ. ಎಲ್ಲರೂ ಗೋಲಿ ಎನ್ನುತ್ತಾರೆ, ಕಣ್ಣು ಹಾಗಿವೆ. ಅವಳು ಬಾಗಿ ಸೌಟೆತ್ತಿ, ತೊಳೆದು, "ತಗೊಳ್ಳಿ" ಎಂದು ನನ್ನ ಕೈಗೆ ಕೊಟ್ಟು ಹೋಗಿ ಕೂತಳು. ಬಹಳ ಒಳ್ಳೆಯ ಮಗು. ಹೆತ್ತ ತಾಯಿ ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ನನ್ನನ್ನು ಏನೆಂದೂ ಕರೆಯುವುದಿಲ್ಲ. ಏನಾದರೂ ಬೇಕಿದ್ದರೆ ಎದುರಿಗೆ ಬಂದು, ನಾನು ತಲೆಯೆತ್ತುವವರೆಗೆ ನಿಂತಿರುತ್ತಾಳೆ.

ಸೆಪ್ಟೆಂಬರ್ 5, ಗುರುವಾರ

ಆಸ್ಪತ್ರೆಯ ಲಿಫ್ಟ್ ಕೆಟ್ಟಿತ್ತು! ಅಂದರೆ ರಿಪೇರಿಗೆ ಇವರು ಬಂದರು, ಅಂದರೆ ಮಧ್ಯಾಹ್ನದ ಊಟ ಒಟ್ಟಿಗೆ. ಮೇಡಂ ನನ್ನ ಮುಖ ನೋಡಿ, "ನೀವೇ ಏನಾದ್ರೂ ಸ್ಕ್ರೂ ಬಿಚ್ಚಿದ್ರಾ?" ಎಂದು ಕೇಳಿದರು.

ಹೋದ ವರ್ಷ ಇದೇ ಲಿಫ್ಟಿನಲ್ಲಿ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದೆ. ಬಾಗಿಲಾಚೆಯಿಂದ ಒಂದು ದನಿ, "ಹೆದರಬೇಡಿ, ನಿಮಗೆ ಬರೋ ಹಾಡು ಯಾವುದಾದ್ರೂ ಹೇಳಿ, ಅಷ್ಟರಲ್ಲಿ ತೆಗೀತೀನಿ" ಎಂದಿತು. ಹೇಳಿದೆ. ಹೊರಗೆ ಬಂದಾಗ ಗ್ರೀಸು ಮೆತ್ತಿದ ಈ ಮನುಷ್ಯ ಹೇಳಿದ್ದು: "ಬಾಗಿಲು ಆಗ್ಲೇ ಸರಿಹೋಗಿತ್ತು. ಚರಣ ಮುಗೀಲಿ ಅಂತ ಕಾದೆ." ಇಂಥವರನ್ನು ಬಿಡಲಾಗುತ್ತದೆಯೇ?

ಸೆಪ್ಟೆಂಬರ್ 7, ಶನಿವಾರ

ದೊಡ್ಡ ಸಂಶೋಧನೆ: ಹುಡುಗಿಗೆ ಹೂಕೋಸು ಇಷ್ಟ. ತಟ್ಟೆಯಲ್ಲಿ ಒಂದು ಚೂರೂ ಬಿಡುವುದಿಲ್ಲ. ಈ ವಾರ ಮೂರು ಸಲ ಮಾಡಿದೆ, ಮೂರು ಸಲವೂ ತಟ್ಟೆ ಖಾಲಿ. ಮುಂದಿನ ವಾರಕ್ಕೆ ಎರಡು ದೊಡ್ಡ ಹೂವು ತಂದಿಟ್ಟಿದ್ದೇನೆ.

ಶಾಲೆಗೆ ಹೊರಡುವಾಗ ಮಾತ್ರ ಹೊಟ್ಟೆ ಹಿಡಿದುಕೊಳ್ಳುತ್ತಾಳೆ. ಕೇಳಿದರೆ "ಏನಿಲ್ಲ, ಹೋಯ್ತು" ಎನ್ನುತ್ತಾಳೆ. ಡಾಕ್ಟರಿಗೆ ತೋರಿಸಿದ್ದೂ ಆಯಿತು. ಹೊಟ್ಟೆ ಮೆತ್ತಗಿದೆ, ಮನೆಯಲ್ಲಿ ಏನಾದರೂ ಬದಲಾವಣೆ ಆಗಿದೆಯೇ ಎಂದು ಕೇಳಿದರು. ಇವರು ನನ್ನನ್ನು ತೋರಿಸಿದರು! ಬೆರಳು ಮಾಡಿ! ದಾರಿಯುದ್ದಕ್ಕೂ ಅದನ್ನೇ ನೆನೆದು ಇಬ್ಬರೂ ನಕ್ಕೆವು. ಹಿಂದಿನ ಸೀಟಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಸೆಪ್ಟೆಂಬರ್ 12, ಗುರುವಾರ

ಇವತ್ತು ಹಾಡಲಿಲ್ಲ. ಯಾರದೋ ಮಗುವಿನ ಕೂದಲು ತೊಳೆಯುತ್ತಾ ಲೆಕ್ಕ ಹಾಕಿದೆ. ನಾನು ಆ ಮನೆಗೆ ಕಾಲಿಟ್ಟು ಎರಡು ತಿಂಗಳು ಚಿಲ್ಲರೆ. ಗೋಲಿಯ ಕೂದಲಿನಲ್ಲಿ ನಾನು ಬುಡದ ಎರಡು ಸೆಂಟಿಮೀಟರ್. ಅಲ್ಲಿಂದ ತುದಿಯವರೆಗೆ ನಾನಿಲ್ಲದ ಕಾಲ. ಎರಡನ್ನೂ ಬೇರೆ ಬೇರೆ ಅಳೆದರೆ?

ಬೇಡ. ನಾಳೆ ಕುಣಿಯುವ ಹಾಡೊಂದನ್ನು ಹಾಡುತ್ತೇನೆ, ಮೇಡಂ ಬೈದರೂ ಸರಿ.

ಸೆಪ್ಟೆಂಬರ್ 16, ಸೋಮವಾರ

ಮೊದಲೇ ಬರೆದುಬಿಡುತ್ತೇನೆ: ಎಲ್ಲ ಸರಿಯಾಗಿದೆ. ಗೋಲಿ ಮಲಗಿದ್ದಾಳೆ, ನಾನು ವಾರ್ಡಿನ ಕಿಟಕಿಯ ಪಕ್ಕ ಕೂತಿದ್ದೇನೆ.

ನಿನ್ನೆ ಬೆಳಿಗ್ಗೆ ಯಾವುದೋ ಆಫೀಸಿನ ಲಿಫ್ಟ್ ನಿಂತಿತೆಂದು ಇವರಿಗೆ ಕರೆ ಬಂತು, ಹೋದರು. ಅತ್ತೆ ಬೇಗ ಬಂದಿದ್ದರು. ಗೋಲಿ ಏಳಲಿಲ್ಲ. ಹೋಗಿ ನೋಡಿದರೆ ಹಾಸಿಗೆಯ ಮೇಲೆ ಮಂಡಿ ಮಡಚಿಕೊಂಡು ಮಲಗಿದ್ದಾಳೆ, ಮುಖ ಸುಣ್ಣದ ಹಾಗಿದೆ.

"ಏನಾಯ್ತೇ?"

"ಏನಿಲ್ಲ. ಸ್ವಲ್ಪ ಹೊಟ್ಟೆ. ನೀವು ಕಾಫಿ ಕುಡೀರಿ, ನಾನು ಆಮೇಲೆ ಬರ್ತೀನಿ."

ಅತ್ತೆ ಬಾಗಿಲಿನಿಂದಲೇ, "ಅದೇ ಹಳೇ ರಾಗ. ಬಿಸಿ ನೀರು ಕುಡಿಸು, ಗ್ಯಾಸು ಹೋದ್ರೆ ಸರಿಹೋಗುತ್ತೆ" ಎಂದರು. ನನಗೂ ಒಂದು ಗಳಿಗೆ ಹಾಗೇ ಅನಿಸಿತು. ಆಮೇಲೆ ಹೊಳೆಯಿತು: ಇವತ್ತು ಭಾನುವಾರ! ಶಾಲೆಯಿಲ್ಲ. ಇಷ್ಟು ದಿನದ ನೋವು ಶಾಲೆಯ ಬೆಳಿಗ್ಗೆಗಳ ನೋವು. ಇದು ಬೇರೆ.

ಎಲ್ಲಿ ನೋವೆಂದು ಕೇಳಿದೆ. "ಮೊದಲು ಹೊಕ್ಕುಳ ಹತ್ರ ಇತ್ತು. ಈಗ ಇಲ್ಲಿ" ಎಂದು ಬಲಗಡೆ ಕೆಳಗೆ ಕೈಯಿಟ್ಟಳು. ಅಪೆಂಡಿಕ್ಸ್ ನೋವಿರುವ ಮಕ್ಕಳಿಗೆ ಕುಪ್ಪಳಿಸಲು ಆಗುವುದಿಲ್ಲವೆಂದು ಕ್ಯಾಂಟೀನಿನಲ್ಲಿ ಡಾಕ್ಟರುಗಳು ಮಾತಾಡಿಕೊಂಡದ್ದು ನೆನಪಾಯಿತು.

"ಗೋಲಿ, ಎದ್ದು ಬಲಗಾಲ ಮೇಲೆ ಒಂದೇ ಒಂದು ಸಲ ಕುಪ್ಪಳಿಸ್ತೀಯಾ?"

"ಹೂಂ" ಎಂದಳು. ಎದ್ದಳು. ಕುಪ್ಪಳಿಸಿದಳು, ನಾನು ಹೇಳಿದೆನೆಂದು! ಕಾಲು ನೆಲಕ್ಕೆ ತಾಕಿದ್ದೇ ತಡ ನನ್ನ ತೋಳಿಗೆ ಉಗುರು ನಾಟಿದವು. ಕಿರುಚಲಿಲ್ಲ. ಉಸಿರು ಬಂದ ಮೇಲೆ ಹೇಳಿದಳು: "ಸಾರಿ. ಸರಿಯಾಗಿ ಆಗ್ಲಿಲ್ಲ. ಇನ್ನೊಂದು ಸಲ ಮಾಡ್ತೀನಿ."

ಆ ಮಾತು ಕೇಳಿ ನನಗೆ ಏನಾಯಿತೋ, ಅವಳನ್ನು ಎತ್ತಿಕೊಂಡುಬಿಟ್ಟೆ. ಹತ್ತು ವರ್ಷದ ಹುಡುಗಿ, ನನ್ನ ಭುಜದವರೆಗೆ ಬರುತ್ತಾಳೆ. ಮೆಟ್ಟಿಲಿಳಿದದ್ದು ಹೇಗೋ ನೆನಪಿಲ್ಲ. ಇವರ ಫೋನು ಬಡಿದುಕೊಂಡೇ ಇತ್ತು. ಮನುಷ್ಯ ಲಿಫ್ಟಿನ ಗೂಡಿನಲ್ಲಿ, ಫೋನು ಚೀಲದಲ್ಲಿ. ಅತ್ತೆ "ನಾನೂ ಬಂದೆ, ನಾನೂ ಬಂದೆ" ಎನ್ನುತ್ತಾ ಟ್ಯಾಕ್ಸಿಗೆ ನುಗ್ಗಿದರು.

ರಸ್ತೆಯಲ್ಲಿ ಒಂದೊಂದು ಹಂಪ್ ಬಂದಾಗಲೂ ಗೋಲಿ ನರಳುವುದು, ನರಳಿದ್ದಕ್ಕೆ ಡ್ರೈವರಿಗೆ "ಸಾರಿ ಅಂಕಲ್" ಎನ್ನುವುದು. "ನನಗ್ಯಾಕಮ್ಮಾ ಸಾರಿ? ಹಂಪ್ ಹಾಕಿದನಲ್ಲ, ಅವನ ಮನೆ ಹಾಳಾಗ!" ಎಂದು ಆ ಪುಣ್ಯಾತ್ಮ ನಮ್ಮ ಆಸ್ಪತ್ರೆಯ ಗೇಟಿನವರೆಗೂ ಅವಳ ಪರವಾಗಿ ತಾನೇ ಬೈದ.

ಆಮೇಲಿನದೆಲ್ಲ ಬೇಗ ಬೇಗ. ರಕ್ತ, ಸ್ಕ್ಯಾನ್, ಸರ್ಜನ್. "ಅಪೆಂಡಿಕ್ಸೇ. ಚೆನ್ನಾಗಿ ಊದಿದೆ, ಒಡೆಯೋಕೆ ಮುಂಚೆ ತೆಗೀಬೇಕು" ಎಂದರು. ಅಷ್ಟರಲ್ಲಿ ಇವರು ಬಂದರು, ಐದು ಮಹಡಿ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ.

"ಲಿಫ್ಟ್ ಇತ್ತಲ್ರೀ?"

"ಮೊನ್ನೆ ರಿಪೇರಿ ಮಾಡಿದ್ದು ನಾನೇ ಅಲ್ವಾ, ಧೈರ್ಯ ಬರಲಿಲ್ಲ."

ಆಪರೇಷನ್ ಬಾಗಿಲು ಮುಚ್ಚಿತು. ಮೂವರೂ ಬೆಂಚಿನ ಮೇಲೆ ಕಲ್ಲಿನ ಹಾಗೆ ಕೂತೆವು. ತಲೆ ತಗ್ಗಿಸಿದಾಗ ಅತ್ತೆಯ ಕಾಲು ಕಂಡಿತು. ಒಂದರಲ್ಲಿ ಅವರ ಚಪ್ಪಲಿ, ಇನ್ನೊಂದರಲ್ಲಿ ಇವರ ದೋಣಿಯಂಥ ಸ್ಲಿಪ್ಪರ್. ನಾನು ಬಾಯಿ ಮುಚ್ಚಿಕೊಂಡೆ. ಅತ್ತೆಯೂ ಕೆಳಗೆ ನೋಡಿದರು. "ಹಾಳಾದ್ದು, ಅದಕ್ಕೇ ಎಡಗಾಲು ತೇಲಿದ ಹಾಗಾಗ್ತಿತ್ತು" ಎಂದರು. ಅಷ್ಟೇ. ಆಪರೇಷನ್ ಕೋಣೆಯ ಹೊರಗೆ ನಾವು ಮೂವರು ಹುಚ್ಚರ ಹಾಗೆ ನಕ್ಕೆವು. ನಗುತ್ತಾ ನಗುತ್ತಾ ಇವರು ಅಳತೊಡಗಿದರು. ನರ್ಸ್ ಬಂದು ಗದರಿದಳು.

ಒಡೆದಿರಲಿಲ್ಲ. ಒಡೆದಿರಲಿಲ್ಲ. ಒಡೆದಿರಲಿಲ್ಲ.

ಸೆಪ್ಟೆಂಬರ್ 17, ಮಂಗಳವಾರ

ಕರುಳು ಎಚ್ಚರಗೊಂಡು ಗಾಳಿ ಹೊರಗೆ ಹೋಗುವವರೆಗೆ ಊಟ ಕೊಡುವಂತಿಲ್ಲವಂತೆ. ಬಂದ ನರ್ಸ್‌ಗಳೆಲ್ಲ ಒಂದೇ ಪ್ರಶ್ನೆ: "ಗಾಳಿ ಹೋಯ್ತಾ?" ಗೋಲಿ ನಾಚಿ ಹೊದಿಕೆಯೊಳಗೆ ಹೋಗುತ್ತಾಳೆ. ಹೋಗಿಲ್ಲ.

ಸೆಪ್ಟೆಂಬರ್ 18, ಬುಧವಾರ

ಹೋಯಿತು!!!

ಮೊದಲಿನಿಂದ ಬರೆಯಬೇಕು. ಬೆಳಿಗ್ಗೆ ಇವರು ಮಗಳ ಹೊಟ್ಟೆಗೆ ಮೆಲ್ಲಗೆ ಕಿವಿಯಿಟ್ಟು, ಕೆಲಸದ ಗಾಂಭೀರ್ಯದಿಂದ, "ಮೋಟಾರ್ ಶುರುವಾಗಿದೆ. ಆದ್ರೆ ಬಾಗಿಲು ತೆಗೀತಿಲ್ಲ" ಎಂದರು. ಅತ್ತೆ, "ಯಾಕೆ ಬಿಗಿಹಿಡ್ಕೊಂಡಿದ್ದೀಯೇ, ಬಿಡೇ ನನ್ನ ಬಂಗಾರ" ಎಂದು ಬೆನ್ನು ನೀವಿದರು. ಗೋಲಿ ಪಿಸುಗುಟ್ಟಿದಳು: "ಎಲ್ಲರೂ ಇದ್ದಾರಲ್ಲ."

ಅಷ್ಟರಲ್ಲಿ ರೌಂಡ್ಸ್. ಸರ್ಜನ್, ಅವರ ಹಿಂದೆ ನಮ್ಮ ಮೇಡಂ, ಅವರ ಹಿಂದೆ ವಿದ್ಯಾರ್ಥಿಗಳ ದೊಡ್ಡ ಹಿಂಡು. ಎಲ್ಲರೂ ಮಂಚದ ಸುತ್ತ ನಿಂತರು. ಸರ್ಜನ್ ಗಂಟಲು ಸರಿಪಡಿಸಿಕೊಂಡು, "ಈ ಮಗುವಿನಲ್ಲಿ ಗಮನಿಸಬೇಕಾದ ಅಂಶ..." ಎಂದು ಶುರುಮಾಡಿದರು. ವಾರ್ಡ್ ನಿಶ್ಶಬ್ದ.

ಆಗ ಬಂತು. ಸಣ್ಣದಲ್ಲ. ಉದ್ದ, ತಿರುವುಗಳಿದ್ದ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆಯಿದ್ದ ಶಬ್ದ.

"ಸಾರಿ" ಎಂದಳು ಗೋಲಿ.

"ಸಾರಿ ಅಲ್ಲಮ್ಮಾ, ಥ್ಯಾಂಕ್ಸ್! ಇವಳಿಗೆ ಊಟ ಕೊಡಿ!" ಎಂದರು ಸರ್ಜನ್. ಪಕ್ಕದ ಮಂಚದ ಮುರಿದ ಕಾಲಿನ ಹುಡುಗ ಚಪ್ಪಾಳೆ ತಟ್ಟಿದ. ಅವನನ್ನು ನೋಡಿ ಎಲ್ಲ ಮಂಚದವರೂ ತಟ್ಟಿದರು. ಅತ್ತೆ ಎರಡೂ ಕೈ ಮೇಲೆತ್ತಿದರು. ನಾನು ನಕ್ಕು ನಕ್ಕು ನಿಲ್ಲಲಾಗದೆ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತುಬಿಟ್ಟೆ. ಮೇಲಿನಿಂದ ಒಂದು ವಿಚಿತ್ರ ಸದ್ದು ಕೇಳಿ ತಲೆಯೆತ್ತಿದರೆ, ಗೋಲಿ! ದಿಂಬನ್ನು ಹೊಲಿಗೆಗೆ ಒತ್ತಿ ಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತಾ ನಗುತ್ತಿದ್ದಾಳೆ. "ನಗಿಸಬೇಡಿ! ಅಯ್ಯೋ, ನೋಯುತ್ತೆ! ಕೆಳಗಿಂದ ಏಳಿ, ನಿಮ್ಮನ್ನ ನೋಡಿದ್ರೆ ನಗು ಬರುತ್ತೆ!"

ಅವಳ ನಗು ಇವರದರ ಹಾಗೇ ಇದೆ, ಮೂಗಿನಲ್ಲಿ ಶುರುವಾಗುತ್ತದೆ. ನನಗೆ ಗೊತ್ತೇ ಇರಲಿಲ್ಲ.

ಸೆಪ್ಟೆಂಬರ್ 19, ಗುರುವಾರ

ಬೆಳಿಗ್ಗೆ ನಮ್ಮ ಲ್ಯಾಬಿನ ಸಹೋದ್ಯೋಗಿ ಕತ್ತರಿ ಹಿಡಿದು ವಾರ್ಡಿಗೆ ಬಂದಳು. ಅಪೆಂಡಿಕ್ಸ್ ಆಪರೇಷನ್ ಆದ ಮಕ್ಕಳ ಕೂದಲೂ ಅಧ್ಯಯನಕ್ಕೆ ಬೇಕು. ಇವರು ಒಪ್ಪಿದರು. ಗೋಲಿಯೂ ಒಪ್ಪಿದಳು, ಆದರೆ ನನ್ನತ್ತ ತೋರಿಸಿ "ಅವರೇ ಕತ್ತರಿಸಲಿ" ಎಂದಳು.

ನೆತ್ತಿಯ ಹಿಂದಿನ ಕೂದಲನ್ನು ಎಳೆಯೆಳೆಯಾಗಿ ಬಿಡಿಸಿ, ಸಣ್ಣ ಕಟ್ಟು ಮಾಡಿ, ಬುಡಕ್ಕೆ ಕತ್ತರಿ ಇಟ್ಟೆ. ಸಾವಿರ ಸಲ ನೋಡಿದ ಕೆಲಸ, ಆದರೂ ಎರಡು ಸಲ ಕತ್ತರಿ ತೆಗೆದು ಮತ್ತೆ ಇಟ್ಟೆ.

"ಇದರಲ್ಲಿ ಏನು ಸಿಗುತ್ತೆ?" ಎಂದು ಕೇಳಿದಳು.

"ನಿನಗೆ ಎಷ್ಟು ಚಿಂತೆ ಇತ್ತು ಅಂತ."

"ಅದಕ್ಕೆ ಕೂದಲು ಯಾಕೆ? ನನ್ನನ್ನೇ ಕೇಳಿದ್ರೆ ಹೇಳ್ತಿದ್ನಲ್ಲ."

ಸಹೋದ್ಯೋಗಿ ಪೊಟ್ಟಣ ಹಿಡಿದು ಹೊರಟುಹೋದಳು. ನಾನು ಸ್ಟೂಲೆಳೆದು ಕೂತೆ. "ಸರಿ. ಕೇಳ್ತಿದ್ದೀನಿ."

ಗೋಲಿ ಬೆರಳು ಮಡಚಿದಳು. ಹೊಟ್ಟೆನೋವು ಶನಿವಾರ ಮಧ್ಯಾಹ್ನವೇ ಶುರುವಾಗಿತ್ತು. ಹೇಳಲಿಲ್ಲ. ಯಾಕೆ? ಹೊಸಬರಿಗೆ ತೊಂದರೆ ಕೊಡಬೇಡ, ಸದ್ದು ಮಾಡಬೇಡ, ಕೊಟ್ಟದ್ದು ತಿನ್ನು, ಇಲ್ಲದಿದ್ದರೆ ಅವರಿಗೆ ಬೇಜಾರಾಗಿಬಿಡುತ್ತದೆ ಎಂದು ಅಜ್ಜಿ ಮದುವೆಯ ದಿನವೇ ಹೇಳಿದ್ದರಂತೆ. "ಅಪ್ಪ ನೀವು ಬಂದ ಮೇಲೆ ನಗ್ತಾರೆ. ನಿಮಗೆ ಬೇಜಾರಾಗಿ ನೀವು ಹೋದ್ರೆ, ಅಪ್ಪ ಮತ್ತೆ ಮೊದಲಿನ ಹಾಗೆ ಆಗ್ತಾರಲ್ಲ. ಅದಕ್ಕೇ ಬೆಳಿಗ್ಗೆ ಶಾಲೆಗೆ ಹೋಗುವಾಗ ಹೊಟ್ಟೆ ಒಂಥರಾ ಆಗ್ತಿತ್ತು. ಸಂಜೆ ಬಂದಾಗ ನೀವು ಇರ್ತೀರೋ ಇಲ್ವೋ ಅಂತ."

ನಾನು ಸ್ಟೂಲನ್ನು ಮಂಚಕ್ಕೆ ಇನ್ನೂ ಹತ್ತಿರ ಎಳೆದುಕೊಂಡೆ.

"ಇನ್ನೂ ಇದೆ. ಹೇಳ್ಲಾ?"

"ಹೇಳು."

"ಹೂಕೋಸು."

"ಹೂಕೋಸು ನಿನಗಿಷ್ಟ ಅಲ್ವಾ?"

"ವಾಸನೆ ಬಂದ್ರೂ ಆಗಲ್ಲ. ಮೂಗು ಮುಚ್ಕೊಂಡು ಒಂದೇ ಸಲ ನುಂಗ್ತಿದ್ದೆ."

"ಅಯ್ಯೋ ಹುಚ್ಚಿ! ತಟ್ಟೆ ಖಾಲಿ ಮಾಡ್ತೀಯಲ್ಲ ಅಂತ ನಾನು ದಿನಾ ಮಾಡ್ತಿದ್ದೆ!"

"ನೀವು ದಿನಾ ಮಾಡ್ತೀರಲ್ಲ ಅಂತ ನಾನು ದಿನಾ ಖಾಲಿ ಮಾಡ್ತಿದ್ದೆ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ದಿಂಬು ಸಿಗುವ ಮೊದಲೇ ಅವಳಿಗೆ ನಗು ಒತ್ತರಿಸಿತು. ದಿಂಬನ್ನು ನಾನೇ ಒತ್ತಿ ಹಿಡಿದೆ. ತುಂಬ ಹೊತ್ತು ಹಾಗೇ ಹಿಡಿದುಕೊಂಡಿದ್ದೆ.

ಸೆಪ್ಟೆಂಬರ್ 20, ಶುಕ್ರವಾರ

ಮೇಡಂ ಕೋಣೆಗೆ ಹೋಗಿ, ಆ ಕೂದಲಿನ ಬುಡದ ಎರಡು ಸೆಂಟಿಮೀಟರನ್ನು ಬೇರೆಯಾಗಿ ನೋಡಬಹುದೇ ಎಂದು ಕೇಳಿಯೇಬಿಟ್ಟೆ. ಅವರು ಕನ್ನಡಕ ತೆಗೆದರು.

"ಆ ಪೊಟ್ಟಣಕ್ಕೆ ಈಗ ಹೆಸರಿಲ್ಲ, ಬರೀ ನಂಬರು. ಹುಡುಕೋದಕ್ಕೆ ನಾನು ಬಿಡಲ್ಲ. ನೋಡಿದ್ರೂ ಏನು ಗೊತ್ತಾಗುತ್ತೆ? ಜ್ವರ ಬಂದ್ರೂ ಏರುತ್ತೆ, ನೋವಿದ್ರೂ ಏರುತ್ತೆ. ನೂರಾರು ಮಕ್ಕಳದ್ದು ಸೇರಿಸಿ ನೋಡಿದ್ರೇನೇ ನಮಗೆ ಅರ್ಧ ಅರ್ಥ ಆಗೋದು. ಒಂದು ಮಗುವಿನ ಅಪೆಂಡಿಕ್ಸ್ ಯಾಕೆ ಊದ್ಕೊಳ್ತು ಅಂತ ಒಂದು ಕೂದಲು ಹೇಳಲ್ಲ. ಸುಮ್ನೆ ನಿಮಗೆ ನೀವೇ ಶಿಕ್ಷೆ ಕೊಟ್ಕೋಬೇಡಿ."

ಆಮೇಲೆ ಅತ್ತೆಯ ಮೇಲೆ ಜಗಳಕ್ಕೇ ಹೋದೆ. "ಮಗುವಿಗೆ ಯಾಕೆ ಹಾಗೆ ಹೇಳಿದ್ರಿ?" ಎಂದೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು. "ನೀನು ಎದ್ದು ಹೋಗಿಬಿಟ್ರೆ ಅಂತ ನನಗೇ ಭಯ ಇತ್ತು ಕಣೇ. ಇಷ್ಟು ವರ್ಷ ಆ ಮನೇಲಿ ಗಡಿಯಾರದ ಸದ್ದು ಬಿಟ್ರೆ ಬೇರೆ ಸದ್ದಿರಲಿಲ್ಲ. ನೀನು ಬಂದು ಪಾತ್ರೆ ಬೀಳಿಸೋದು, ಹಾಡೋದು... ಭಗವಂತಾ, ಇದು ಹೀಗೇ ಇರಲಿ ಅಂತ ಅಂದ್ಕೊಂಡೆ. ಮಗು ಮೇಲೆ ಹಾಕಿದೆ. ತಪ್ಪು ನಂದೇ."

ಜಗಳ ಹಳ್ಳ ಹಿಡಿಯಿತು. ಇಬ್ಬರೂ ಕ್ಯಾಂಟೀನಿಗೆ ಹೋಗಿ ಎರಡೆರಡು ಬನ್ನು ತಿಂದು ಬಂದೆವು.

ಸೆಪ್ಟೆಂಬರ್ 21, ಶನಿವಾರ

ಮನೆಗೆ ಬಂದೆವು. ಇವರು ಆಸ್ಪತ್ರೆಯಿಂದ ಇಳಿಯುವಾಗಲೂ ಮೆಟ್ಟಿಲೇ ಎಂದರು. ಗೋಲಿ ಕೇಳಲಿಲ್ಲ, ಲಿಫ್ಟಿಗೆ ಹೋದಳು, ನಾನೂ ಹೋದೆ.

ಅಕ್ಟೋಬರ್ 6, ಭಾನುವಾರ

ಪೆನ್ನು ಕಾಗದ ಹರಿಯುವಷ್ಟು ಒತ್ತುತ್ತಿದೆ, ಅಷ್ಟು ಸಿಟ್ಟು ಬಂದಿದೆ. ಹೊಲಿಗೆಯ ಜಾಗ ಇನ್ನೂ ಪೂರ್ತಿ ಮಾಗಿಲ್ಲ, ಇವಳಿಗೆ ಗೆಳತಿಯ ಜೊತೆ ಸ್ಕೇಟಿಂಗ್‌ಗೆ ಹೋಗಬೇಕಂತೆ! ಆಗಲ್ಲ ಎಂದೆ.

"ಓಡಾಡು ಅಂತ ಡಾಕ್ಟರೇ ಹೇಳಿದ್ದಾರೆ!"

"ಓಡಾಡು ಅಂದ್ರೆ ಕಾಲ ಮೇಲೆ, ಚಕ್ರದ ಮೇಲಲ್ಲ."

"ಎಲ್ಲರೂ ಹೋಗ್ತಿದ್ದಾರೆ!"

"ಎಲ್ಲರ ಹೊಟ್ಟೆಗೂ ಹೊಲಿಗೆ ಹಾಕಿದ್ದಾರಾ?"

"ಹೋಗು ಅಮ್ಮ, ನೀನೊಂದು! ನಿನಗೇನೂ ಅರ್ಥ ಆಗಲ್ಲ!" ಎಂದು ನನ್ನ ಮುಖದ ಮೇಲೇ ಬಾಗಿಲು ಹಾಕಿಕೊಂಡಳು. ಗೋಡೆಯ ಕ್ಯಾಲೆಂಡರ್ ಕೆಳಗೆ ಬಿತ್ತು. ನಾನೇನು ಕಡಿಮೆಯೇ? ಬಾಗಿಲಿನ ಈಚೆ ನಿಂತು, ನನ್ನ ಮಗಳಾಗಿ ಹೀಗೆ ಮಾತಾಡುವುದನ್ನು ಎಲ್ಲಿ ಕಲಿತೆ, ಒಂದು ತಿಂಗಳು ಸ್ಕೇಟಿಂಗ್ ಹೆಸರೆತ್ತಿದರೆ ನೋಡು ಎಂದು ಪಕ್ಕದ ಕಟ್ಟಡಕ್ಕೂ ಕೇಳುವ ಹಾಗೆ ಕೂಗಿದೆ. ಅವಳೂ ಒಳಗಿಂದ ಕೂಗಿದಳು. ನಾನು ಮತ್ತೆ ಕೂಗಿದೆ.

ಅಡುಗೆಮನೆಗೆ ಬಂದರೆ ಇವರು ನಲ್ಲಿಯ ಕಡೆ ಮುಖ ಮಾಡಿ ನಿಂತಿದ್ದಾರೆ, ಭುಜ ಕುಲುಕುತ್ತಿದೆ.

"ನಗ್ತಿದ್ದೀರಾ? ಮರ್ಯಾದೆ ಅನ್ನೋದು ಸ್ವಲ್ಪಾನೂ ಇಲ್ಲ ಅವಳಿಗೆ, ಕೇಳಿಸ್ಕೊಂಡ್ರಾ ಹೇಗೆ ಮಾತಾಡಿದ್ಲು ಅಂತ?"

"ಕೇಳಿಸ್ಕೊಂಡೆ" ಎಂದರು. ತಿರುಗಿದರೆ ಕಣ್ಣು ತುಂಬ ನೀರು. ಈರುಳ್ಳಿಯಂತೆ. ಈರುಳ್ಳಿ ಹೆಚ್ಚುತ್ತಿದ್ದವಳು ನಾನು! ಇವರಿಗೆ ಇವತ್ತು ಏನು ಬಂದಿದೆಯೋ, ಸಂಜೆಯಿಂದ ಸುಮ್ಮಸುಮ್ಮನೆ ನನ್ನ ಮುಖ ನೋಡಿ ನಗುತ್ತಿದ್ದಾರೆ.

ಈಗ ಒಳಗಿನಿಂದ ಕೂಗು ಬರುತ್ತಿದೆ. "ನನ್ನ ನೀಲಿ ಸ್ವೆಟರ್ ಎಲ್ಲಿಟ್ಟಿದ್ದೀಯಾ? ಕೇಳಿಸ್ತಾ? ಎಲ್ಲಿಟ್ಟೇ?"

ಇಸ್ತ್ರಿ ಮೇಜಿನ ಮೇಲಿದೆ. ಹುಡುಕಲಿ ಸ್ವಲ್ಪ ಹೊತ್ತು, ಆಮೇಲೆ ಹೇಳುತ್ತೇನೆ.